ರಾಮಪ್ರಸಾದರ ಗೋಡೆ

ರಾಮಪ್ರಸಾದರ ಮನೆಯಲ್ಲಿ ಒಂದು ಪಟವಾದರೂ ಓರೆಯಾಗಿ ತೂಗಿದ್ದನ್ನು ತಮಿಳು ಸೀಮೆಯ ಆ ಪೀಳಮೇಡಿನಲ್ಲಿ ಕಂಡವರಿಲ್ಲ. ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಆಯುಷ್ಯ ಕಳೆದ ಮನುಷ್ಯ ಅವರು. ಕಳೆದ ಮೇ ತಿಂಗಳಲ್ಲಿ ನಿವೃತ್ತರಾದಾಗ ಸಹೋದ್ಯೋಗಿಗಳು ಶಾಲು ಹೊದಿಸಿ ಒಂದು ಗಡಿಯಾರ ಕೊಟ್ಟರು. ಮನೆಗೆ ಬಂದವರೇ ಅದನ್ನೂ ರಸಮಟ್ಟ ಇಟ್ಟು, ಗಾಜಿನ ಕೊಳವೆಯೊಳಗಿನ ಗುಳ್ಳೆ ನಟ್ಟನಡುವೆ ನಿಂತ ಮೇಲೆಯೇ ಗೋಡೆಗೆ ಹಾಕಿದರು. ನೆಂಟರ ಮನೆಗೆ ಹೋದರೂ ಅಷ್ಟೆ. ಕಾಫಿ ಬರುವುದರೊಳಗೆ ಎದ್ದು ಅವರ ಮನೆಯ ವೆಂಕಟರಮಣನನ್ನು ಬೆರಳ ತುದಿಯಿಂದ ಸರಿಮಾಡಿ ಬಂದು ಕೂರುವರು. ನೆಂಟರು ಮುಖ ಮುಖ ನೋಡಿಕೊಳ್ಳುವರು.

ಪೊಂಗಲ್ ಬರುವ ತೈ ತಿಂಗಳಲ್ಲಿ ಅವರಿಗೆ ಅರವತ್ತು ತುಂಬುತ್ತಿತ್ತು. ಷಷ್ಟಿಪೂರ್ತಿಗೆ ಛತ್ರ ಬೇಡ, ಮನೆಯಲ್ಲೇ ಹೋಮ ಮಾಡಿ, ಹಾಲ್‌ನಲ್ಲೇ ಹಸೆ ಹಾಕಿ, ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟುವುದೆಂದು ಮಗ ಸುಶೀಂದ್ರ ತೀರ್ಮಾನ ಮಾಡಿದ. ನೆಂಟರಿಷ್ಟರು ಬರುತ್ತಾರೆ ಎಂದ ಮೇಲೆ ಮನೆಗೆ ಬಣ್ಣ ಹೊಡೆಸದೆ ಆಗುತ್ತದೆಯೇ? ತೈಗೆ ಮುಂಚಿನ ಮಾರ್ಗಳಿ ತಿಂಗಳು ಹಿಡಿದ ವಾರವೇ ಪೇಂಟರ್ ಶಣ್ಮುಗಂ ಏಣಿ ಹೊತ್ತು ಬಂದ.

ಪಟಗಳನ್ನು ಇಳಿಸಿದವಳು ಹೆಂಡತಿ ವಾರಿಜಾಕ್ಷಿ. ರಾಯರು, ಉಡುಪಿ ಕೃಷ್ಣ, ಕಾರಮಡೈ ರಂಗನಾಥ, ಅತ್ತೆ, ಮಾವ, ಸುಶೀಂದ್ರನ ಡಿಗ್ರಿ ಫೋಟೋ, ಅವನೂ ಸೊಸೆ ಗೋಪಿಕಾಳೂ ಇರುವ ಮದುವೆ ಫೋಟೋ, ಎಲ್ಲವನ್ನೂ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ ಮಂಚದ ಕೆಳಗಿಟ್ಟಳು. ಕೊನೆಗೆ ಉಳಿದದ್ದು ಹಾಲ್‌ನ ನಡುಗೋಡೆಯ ದೊಡ್ಡ ಪಟ. ಅದರಲ್ಲಿ ಮೀಸೆ ಹೊತ್ತ ಯುವಕ ರಾಮಪ್ರಸಾದ್ ಕೊರಳಿಗೆ ಹಾರ ಹಾಕಿಕೊಂಡು ನಿಂತಿದ್ದರು. ಪಕ್ಕದಲ್ಲಿದ್ದ ಮದುಮಗಳು ವಾರಿಜಾಕ್ಷಿ ಅಲ್ಲ, ಮಂದಾಕಿನಿ. ಅವರ ಮೊದಲ ಹೆಂಡತಿ, ಸುಶೀಂದ್ರನನ್ನು ಹೆತ್ತವಳು. ಮಗುವಿಗೆ ಹಾಲುಹಲ್ಲು ಮೂಡುವ ಹೊತ್ತಿಗೆ ಕಾಮಾಲೆ ಬಂದು ತೀರಿಕೊಂಡಳು. ವರ್ಷ ಕಳೆದ ಮೇಲೆ ವಾರಿಜಾಕ್ಷಿ ಈ ಮನೆಗೆ ಬಂದು ಮಗುವನ್ನು ಸೊಂಟಕ್ಕೆ ಏರಿಸಿಕೊಂಡಳು. ಸುಶೀಂದ್ರನಿಗೆ ಅಮ್ಮ ಅಂದರೆ ಅವಳೇ, ಇನ್ನೊಬ್ಬಳ ಮುಖ ಪಟದಲ್ಲಿ ಕಂಡದ್ದೇ ಹೊರತು ನೆನಪಿಲ್ಲ.

ಬಂದ ದಿನವೇ ಅತ್ತೆ ಅವಳನ್ನು ಆ ಪಟದ ಮುಂದೆ ನಿಲ್ಲಿಸಿ, "ಇವಳು ನಿಂಗೆ ಅಕ್ಕ. ದಿನಾ ಹೂ ಇಡು" ಅಂದಿದ್ದರು. ಅಂದಿನಿಂದ ಇಡುತ್ತಾ ಬಂದಳು. ಅದರಲ್ಲೂ ಒಂದು ನಾಜೂಕು ಇತ್ತು. ಪಟದಲ್ಲಿ ಬದುಕಿರುವ ಗಂಡನೂ ಇದ್ದಾನಲ್ಲ, ಪೂರ್ತಿ ಹಾರ ಹಾಕುವ ಹಾಗಿಲ್ಲ. ಮಂದಾಕಿನಿಯ ಕಡೆಯ ಮೂಲೆಗೆ ಮಾತ್ರ ಒಂದು ಗೇಣು ಮಲ್ಲಿಗೆ ಸಿಕ್ಕಿಸಬೇಕು. ಫ್ಯಾನಿನ ಗಾಳಿಗೆ ಹೂ ಜಾರಿ ಗಂಡನ ತಲೆಯ ಕಡೆ ಬಂದರೆ, ತಿನ್ನುತ್ತಿದ್ದ ಅನ್ನ ಬಿಟ್ಟು ಎದ್ದು ಸರಿಮಾಡುವಳು.

ವಾರಿಜಾಕ್ಷಿಯ ಮದುವೆ ನಡೆದದ್ದು ಕಾರಮಡೈ ಗುಡಿಯಲ್ಲಿ. ಎರಡನೇ ಮದುವೆಗೆ ಫೋಟೋ ಏನು ಕೇಡು ಅಂತ ಯಾರೂ ಕ್ಯಾಮೆರಾದವನನ್ನು ಕರೆಯಲಿಲ್ಲ. ಹಾಗಾಗಿ ಇಷ್ಟು ವರ್ಷ ಆ ಮನೆಯ ಗೋಡೆಗಳ ಮೇಲೆ ದೇವರಿದ್ದರು, ಸತ್ತವರಿದ್ದರು, ಮಗ ಸೊಸೆ ಇದ್ದರು, ಅವಳಿರಲಿಲ್ಲ. ಸುತ್ತಿ ಬಳಸಿ ಹೇಳುವುದೇಕೆ, ಅವಳಿಗೆ ಆ ಗೋಡೆಯ ಮೇಲೆ ತನಗೂ ಒಂದು ಜಾಗ ಬೇಕಾಗಿತ್ತು. ಊರೆಲ್ಲ ನೋಡುತ್ತಿರುವಾಗ ಇನ್ನೊಬ್ಬಳ ಮದುವೆ ಪಟದ ಕೆಳಗೆ ಕೂತು ತಾಳಿ ಕಟ್ಟಿಸಿಕೊಳ್ಳಲು ಅವಳ ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಇದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಕೇಳಿದವರು ಸತ್ತವಳ ಮೇಲೆ ಹೊಟ್ಟೆಕಿಚ್ಚು ಅಂದಾರು. ಅದಕ್ಕಿಂತ ಹೆಚ್ಚಾಗಿ, ಅದು ಸುಶೀಂದ್ರನ ಹೆತ್ತಮ್ಮನ ಒಂದೇ ಒಂದು ಪಟ.

ಬಣ್ಣ ಒಣಗಿತು. ಭಾನುವಾರ ಬೆಳಿಗ್ಗೆ ರಾಮಪ್ರಸಾದ್ ಪೆನ್ಸಿಲ್ಲು, ಟ್ವೈನು ದಾರ, ಸುತ್ತಿಗೆ, ರಸಮಟ್ಟ ಎಲ್ಲ ಹರಡಿಕೊಂಡು ಸ್ಟೂಲು ಹತ್ತಿದರು. ಗೋಪಿಕಾ ಸ್ಟೂಲಿನ ಕಾಲು ಹಿಡಿದುಕೊಂಡಳು. ತಿರುಪ್ಪೂರಿನ ಹುಡುಗಿ, ಇಲ್ಲೇ ಒಂದು ಐಟಿ ಆಫೀಸಿನಲ್ಲಿ ಕೆಲಸ. ಮಾವನ ಈ ಸಂಭ್ರಮ ಅವಳಿಗೆ ಹೊಸದು.

"ಮಾವ, ಫೋನಲ್ಲೇ ಒಂದು ಆ್ಯಪ್ ಇದೆ. ನೇರ ಇದೆಯಾ ಅಂತ ತೋರಿಸುತ್ತೆ."

"ಫೋನಿಗೆ ಗುಳ್ಳೆ ಇದೆಯಾ?"

"ಚಿತ್ರದಲ್ಲಿ ಇದೆ."

"ಚಿತ್ರದ ಗುಳ್ಳೆ ನಂಬಿ ಆಣಿ ಹೊಡೀಲಾ? ಹಿಡ್ಕೋ ಗಟ್ಟಿಯಾಗಿ."

ದೇವರು ಏರಿದರು. ಅಪ್ಪ ಅಮ್ಮ ಏರಿದರು. ನಡುಗೋಡೆಗೆ ದೊಡ್ಡ ಪಟ ಏರಿಸಿ, ರಸಮಟ್ಟ ಇಟ್ಟು, ಗುಳ್ಳೆ ನೋಡಿ ರಾಮಪ್ರಸಾದ್ ಇಳಿದರು. ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ವಾರಿಜಾಕ್ಷಿ, "ಓರೆ ಆಗಿದೆ" ಅಂದಳು.

"ಯಾವುದು?"

"ಅದೇ. ಎಡಗಡೆ ಕೊಂಜ ಇಳಿದಿದೆ."

ರಾಮಪ್ರಸಾದರಿಗೆ ಈ ಮಾತನ್ನು ಯಾರೂ ಯಾವತ್ತೂ ಹೇಳಿರಲಿಲ್ಲ. ಮತ್ತೆ ಹತ್ತಿದರು, ಗುಳ್ಳೆ ನೋಡಿದರು. "ನೇರ ಇದೆ ಕಣೆ. ನೀನೇ ಬಂದು ನೋಡು."

"ನಿಮ್ಮ ಗುಳ್ಳೆ ಕಟ್ಟಿಕೊಂಡು ನಂಗೇನು? ಕಣ್ಣಿಗೆ ಓರೆ ಕಾಣುತ್ತೆ, ಅಷ್ಟೇ."

ಮಧ್ಯಾಹ್ನ ಎಲೆ ಮುಂದೆ ಕೂತಾಗಲೂ ಅದೇ ಬಿಸಿ. "ಹುಳಿಗೆ ಉಪ್ಪು ಕಡಿಮೆ" ಅಂದರು ಗಂಡ. "ರಸಮಟ್ಟ ಅದ್ದಿ ನೋಡಿ" ಅಂದಳು ಹೆಂಡತಿ. ಸುಶೀಂದ್ರ ಕೋಸಂಬರಿ ಬಾಯಿಗೆ ಹಾಕಿಕೊಂಡವನು ನಗು ತಡೆಯಲಾರದೆ ಕೆಮ್ಮಿದ.

ಆ ವಾರ ಪಟ ಮೂರು ಸಲ ಇಳಿಯಿತು, ಮೂರು ಸಲ ಏರಿತು. ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ, ಇನ್ನೊಮ್ಮೆ ಪಟವೇನೋ ಸರಿ, ಜಾಗ ಎತ್ತರವಾಯಿತು. ಹಠಕ್ಕೆ ಬಿದ್ದ ರಾಮಪ್ರಸಾದ್ ಆಣಿ ಕಿತ್ತು ಇನ್ನೊಂದು ಕಡೆ ಹೊಡೆದರು. ತೂತು ಮುಚ್ಚಲು ಬಂದ ಶಣ್ಮುಗಂ ಹೊಸ ಬಣ್ಣದ ಗತಿ ನೋಡಿ, "ಸಾರ್, ಇದು ಗೋಡೆಯಾ, ಜರಡಿಯಾ?" ಎಂದು ತಮಿಳಿನಲ್ಲಿ ಕೇಳಿಯೇಬಿಟ್ಟ.

"ನಿಮ್ಮ ಅಮ್ಮಾವನ್ನೇ ಕೇಳು" ಎಂದು ರಾಮಪ್ರಸಾದ್ ಸುತ್ತಿಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಪಟ ಸೋಫಾದ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿತು. ವಾರಿಜಾಕ್ಷಿ ಅವತ್ತು ಸಂಜೆ ಹೂ ಕಟ್ಟಿದಳು, ಸಿಕ್ಕಿಸಲು ಜಾಗ ಸಿಗದೆ ರಾಯರಿಗೇ ಎರಡು ಗೇಣು ಹಾಕಿದಳು. ಅವಳಿಗೆ ಸಂತೋಷವೂ ಆಗಿತ್ತು, ನಾಚಿಕೆಯೂ ಆಗಿತ್ತು.

ನಲ್ಲಿಯಲ್ಲಿ ಸಿರುವಾಣಿ ನೀರು ಬರುವ ದಿನ ಬೆಳಿಗ್ಗೆ ಅತ್ತೆ ಸೊಸೆ ಕೊಡ, ಡ್ರಮ್ಮು ತುಂಬಿಸಿ, ಅವರೆಕಾಯಿ ಬಿಡಿಸಲು ಕೂತರು.

"ಅತ್ತೆ, ನಿಮ್ಮ ಕಲ್ಯಾಣ ಫೋಟೋ ಎಲ್ಲಿ?"

"ಇಲ್ಲಮ್ಮ. ಗುಡೀಲಿ ಆದದ್ದು. ಹತ್ತು ಜನ ಇದ್ವಿ, ಪುಳಿಯೋಗರೆ ತಿಂದು ಬಸ್ ಹತ್ತಿದ್ವಿ."

"ಒಂದೂ ಇಲ್ವಾ?"

"ನಿನ್ನ ಮಾವ ಮದುವೆ ಆದ ಕೂಡಲೆ ಮಗೂಗೆ ಹಾಲಿನ ಪುಡಿ ತರೋಕ್ಕೆ ಓಡಿದ್ರು. ಫೋಟೋಗೆ ನಿಲ್ಲೋರು ಯಾರು?" ಅವಳು ನಗುತ್ತಲೇ ಹೇಳಿದಳು. ಒಂದು ಸಿಪ್ಪೆ ಬುಟ್ಟಿಯೊಳಕ್ಕೆ, ಒಂದು ಕಾಳು ಕಸದೊಳಕ್ಕೆ ಬಿತ್ತು.

ಗೋಪಿಕಾ ಕಾಳು ಹೆಕ್ಕಿ ಬುಟ್ಟಿಗೆ ಹಾಕಿದಳು. ಹುಡುಗಿ ಚುರುಕು, ಸೋಫಾದ ಹಿಂದಿನ ಪಟ ಯಾಕೆ ಓರೆ ಕಾಣುತ್ತಿತ್ತೆಂದು ಅವಳಿಗೆ ಅಲ್ಲೇ ತಿಳಿಯಿತು. ಸುಶೀಂದ್ರ ಸೂಲೂರಿನ ಬ್ಯಾಂಕಿಗೆ ಕೆಲಸಕ್ಕೆ ಹೊರಟು ಸ್ಕೂಟರ್ ಒರೆಸುತ್ತಿದ್ದಾಗ ಹೋಗಿ ಹೇಳಿದಳು.

"ಅಮ್ಮ ಹಾಗೆ ಹೇಳಿದ್ಲಾ?"

"ಹೇಳೋರಾ ಅವರು? ನೀವು ನೋಡಿ ತಿಳ್ಕೋಬೇಕು."

ಸುಶೀಂದ್ರ ಬಟ್ಟೆ ಹಿಂಡುತ್ತಾ ನಿಂತ. "ಆ ಪಟ ಎತ್ತಿಟ್ಟರೆ ಹೆತ್ತವಳನ್ನ ಮನೆಯಿಂದ ಕಳಿಸಿದ ಹಾಗೆ ಆಗುತ್ತೆ, ಗೋಪಿಕಾ. ಇಟ್ಟರೆ ಇವಳಿಗೆ ನೋವು. ನಾನೇನು ಮಾಡ್ಲಿ?"

"ಅದನ್ನ ಎತ್ತಿಡಿ ಅಂದವರು ಯಾರು? ಇವರದ್ದೂ ಒಂದು ಮಾಡಿಸಿ."

ಅದು ಸುಶೀಂದ್ರನಿಗೆ ಹಿಡಿಸಿತು. ತನ್ನ ಮದುವೆ ಆಲ್ಬಮ್ಮಿನಲ್ಲಿ ಅಮ್ಮ ಮಾವಿನಕಾಯಿ ಬಣ್ಣದ ರೇಷ್ಮೆ ಸೀರೆ ಉಟ್ಟು ನಗುತ್ತಿದ್ದ ಚಿತ್ರವನ್ನು ಆರಿಸಿ, ಒಪ್ಪಣಕ್ಕಾರ ಬೀದಿಯ ಹತ್ತಿರ ಮಾರಿಮುತ್ತು ಎಂಬವನ ಫ್ರೇಮ್ ಅಂಗಡಿಗೆ ಕೊಟ್ಟ. ದೊಡ್ಡದು ಮಾಡಿ, ಅಮ್ಮ ಒಬ್ಬರೇ ಸಾಕು, ಪಕ್ಕದವರನ್ನೆಲ್ಲ ತೆಗೆದುಬಿಡಿ ಅಂದ. ಮಾರಿಮುತ್ತು ಚಿತ್ರ ನೋಡಿ ಮೆಲ್ಲಗೆ "ಅಮ್ಮಾವಾ?" ಅಂದ. ಸುಶೀಂದ್ರ ಹೌದೆಂದು ತಲೆಯಾಡಿಸಿ "ಆಮಾ" ಅಂದ. ಎರಡು ದಿನ ಬಿಟ್ಟು ಅಂಗಡಿಯಿಂದ ಫೋನು ಬಂದಾಗ ಬ್ಯಾಂಕಿನಲ್ಲಿ ಸುಶೀಂದ್ರನ ಕೌಂಟರಿನ ಮುಂದೆ ಜನ ತುಂಬಿದ್ದರು.

"ಸಾರ್, ಲೈಟ್ ವೈಕ್ಕಲಾಮಾ?"

"ಲೈಟಾ? ಇಡಿ, ಇಡಿ."

"ಮಾಲೆ?"

"ಎಲ್ಲರಿಗೂ ಹೇಗೆ ಮಾಡ್ತೀರೋ ಹಾಗೇ ಮಾಡಿ" ಎಂದು ಅವಸರದಲ್ಲಿ ಇಟ್ಟುಬಿಟ್ಟ. ಮಾಲೆ ಅಂದದ್ದು ಏನೋ ಅಂಚಿನ ಕೆತ್ತನೆ ಇರಬೇಕೆಂದುಕೊಂಡ. ಮಾರಿಮುತ್ತುವನ್ನು ದೂರಿ ಪ್ರಯೋಜನವಿಲ್ಲ. ವಯಸ್ಸಾದ ಹೆಂಗಸಿನ ಒಂಟಿ ಚಿತ್ರವನ್ನು ಅಷ್ಟು ದೊಡ್ಡದು ಮಾಡಿಸಲು ಆ ಊರಿನಲ್ಲಿ ಮಕ್ಕಳು ಬರುವುದು ಒಂದೇ ಕಾರಣಕ್ಕೆ.

ಪೊಂಗಲ್ ಹಬ್ಬದ ದಿನ. ಸಿಹಿ ಹುಗ್ಗಿ, ಖಾರದ ಹುಗ್ಗಿ, ಗೊಜ್ಜು, ಎಲ್ಲ ಎಲೆಗೆ ಬಿದ್ದು ಊಟ ಮುಗಿಯುವ ಹೊತ್ತಿಗೆ ಸುಶೀಂದ್ರ ಕಂದು ಕಾಗದ ಸುತ್ತಿದ ಪಾರ್ಸೆಲ್ ತಂದು ಅಮ್ಮನ ತೊಡೆಯ ಮೇಲಿಟ್ಟ. ತಾನೂ ಬಿಚ್ಚಿ ನೋಡಿರಲಿಲ್ಲ, ಎಲ್ಲರೆದುರು ಬಿಚ್ಚಬೇಕೆಂಬ ಆಸೆ.

"ಏನೋ ಇದು?"

"ಬಿಚ್ಚಮ್ಮ."

ಕಾಗದ ಹರಿಯಿತು. ಚಿತ್ರದಲ್ಲಿ ವಾರಿಜಾಕ್ಷಿ ಚೆನ್ನಾಗಿಯೇ ನಗುತ್ತಿದ್ದಳು. ಕೊರಳ ಸುತ್ತ ಗಂಧದ ಚಕ್ಕೆಯ ಹಾರ ಇಳಿಬಿದ್ದಿತ್ತು. ಫ್ರೇಮಿನ ಕೆಳಗೆ ಕೆಂಪು ಬಲ್ಬು, ಅದಕ್ಕೊಂದು ವೈರು. ಬಲ್ಬಿನ ಎರಡು ಪಕ್ಕ ಚಿನ್ನದ ಅಕ್ಷರದಲ್ಲಿ ತಮಿಳಿನಲ್ಲಿ ಒಂದು ಕಡೆ ಹುಟ್ಟು, ಇನ್ನೊಂದು ಕಡೆ ಮರಣ ಅಂತ ಬರೆದು, ಮಾರಿಮುತ್ತು ತಾರೀಖಿಗೆ ಜಾಗ ಬಿಟ್ಟಿದ್ದ.

"ಅಯ್ಯೋ ರಾಯರೇ!" ರಾಮಪ್ರಸಾದ್ ಎಂಜಲು ಕೈಯಲ್ಲೇ ಎದ್ದು ನಿಂತರು. "ಹಬ್ಬದ ದಿನ! ಬದುಕಿರೋಳಿಗೆ! ಕಣ್ಣು ಎಲ್ಲಿಟ್ಟಿದ್ದೆಯೋ ನೀನು? ಹೊರಗೆ ಎಸಿ ಅದನ್ನ!"

ಸುಶೀಂದ್ರನ ಮುಖ ಬಿಳಿಚಿಕೊಂಡಿತು. "ಅಪ್ಪಾ, ನಾನು ಹೇಳಿದ್ದು ಬೇರೆ... ಅವನು ಲೈಟ್ ಅಂದ... ಅಮ್ಮಾ, ಸತ್ಯವಾಗ್ಲೂ..."

ವಾರಿಜಾಕ್ಷಿ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಗೋಪಿಕಾಗೂ ನಗು ಬಂದು ಸೆರಗು ಬಾಯಿಗೊತ್ತಿಕೊಂಡಳು. ನಗುತ್ತಾ ನಗುತ್ತಾ ವಾರಿಜಾಕ್ಷಿಯ ಕಣ್ಣಿನಿಂದ ನೀರು ಇಳಿಯಿತು, ಆಮೇಲೆ ನಗು ನಿಂತಿತು, ನೀರು ನಿಲ್ಲಲಿಲ್ಲ.

"ಯಾಕೆ ಬೈತೀರಿ ಅವನನ್ನ?" ಅಂದಳು. "ಸರಿಯಾಗೇ ಮಾಡಿಸಿದಾನೆ. ಈ ಮನೆ ಗೋಡೆ ಮೇಲೆ ನಾನು ಬರಬೇಕು ಅಂದ್ರೆ ಸತ್ತೇ ಬರಬೇಕು. ಬದುಕಿರೋವಾಗ ಅಲ್ಲಿ ನನಗೆ ಜಾಗ ಎಲ್ಲಿತ್ತು?"

ರಾಮಪ್ರಸಾದರ ಕೈಯಲ್ಲಿ ಹುಗ್ಗಿ ಒಣಗಿತು. ವಾರಿಜಾಕ್ಷಿ ಪಟ ಪಕ್ಕಕ್ಕಿಟ್ಟು, ಎಲೆ ಎತ್ತಿ, ನೆಲ ಒರೆಸಿ, ಎಂದಿನಂತೆ ಒಳಗೆ ಹೋದಳು.

ಆಮೇಲಿನ ಎರಡು ದಿನದಲ್ಲಿ ಸುಶೀಂದ್ರ ಹಾರ, ಬಲ್ಬು, ಅಕ್ಷರ ಎಲ್ಲವನ್ನೂ ಮಾರಿಮುತ್ತುವಿಗೇ ವಾಪಸು ಕೊಟ್ಟು ಜಗಳವಾಡದೆ ಬಂದ. ಅಮ್ಮನ ಚಿತ್ರವನ್ನು ಮಾತ್ರ ತನ್ನ ಬೀರುವಿನಲ್ಲಿ ಗೋಪಿಕಾಳ ಸೀರೆಗಳ ನಡುವೆ ಮಲಗಿಸಿದ. ರಾಮಪ್ರಸಾದ್ ಕಾಫಿ ಕುಡಿಯುವಾಗ, ಪೇಪರ್ ಓದುವಾಗ ಹೆಂಡತಿಯನ್ನು ಕದ್ದು ನೋಡುತ್ತಿದ್ದರು. ಗುಳ್ಳೆ ಕೂದಲೆಳೆ ಸರಿದರೂ ಹಿಡಿಯುವ ಕಣ್ಣಿಗೆ ಇಷ್ಟು ವರ್ಷ ಇದು ಕಾಣಲಿಲ್ಲವೆಂದು ಅವರಿಗೆ ನಿಜವಾಗಿ ಅವಮಾನವಾಗಿತ್ತು.

ಮೂರನೆಯ ಬೆಳಿಗ್ಗೆ ಅವಳು ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಹತ್ತಿಹೋಗಿ ಬಕೆಟ್ಟಿನಿಂದ ಒಂದು ಪಂಚೆ ಎತ್ತಿಕೊಟ್ಟರು. ಅದೂ ಆ ಮನೆಯಲ್ಲಿ ಹೊಸದೇ.

"ಆ ದೊಡ್ಡ ಪಟ ಇನ್ನು ಹಾಕೋದು ಬೇಡ ಬಿಡು."

"ಯಾಕೆ ಬೇಡ? ಹಾಕಿ."

"ನೀನೇ ಅಲ್ವೇ ಓರೆ ಓರೆ ಅಂತ..."

"ನೇರವಾಗೇ ಇತ್ತು ರೀ. ಮೊದಲ ದಿನದಿಂದಲೂ ನೇರವಾಗೇ ಇತ್ತು." ಅವಳು ಪಂಚೆ ಜಾಡಿಸಿ ಹಗ್ಗಕ್ಕೆ ಎಸೆದಳು. "ನಾನು ಚುಮ್ಮಾ ಹೇಳಿದ್ದು. ನಿಮ್ಮನ್ನ ಸುಮ್ಮನೆ ಸ್ಟೂಲ್ ಹತ್ತಿಸಿದೆ, ಪಾಪ, ಪಾವಂ."

"ಗುಳ್ಳೆ ಸುಳ್ಳು ಹೇಳಲ್ಲ ಅಂತ ನಂಗೆ ಗೊತ್ತಿತ್ತು" ಅಂದರು ರಾಮಪ್ರಸಾದ್, ಪೆದ್ದು ಪೆದ್ದಾಗಿ.

"ಅದು ಗೊತ್ತಿತ್ತು. ಬೇರೆ ಯಾವುದೂ ಗೊತ್ತಿರಲಿಲ್ಲ."

"ಹಾಗಿದ್ರೆ ತೆಗೆದಿಡೋಣ. ನಿಜವಾಗ್ಲೂ."

"ಬೇಡ. ಜನ ಬಂದ ದಿನ ಅವಳು ಅಲ್ಲಿರಲಿಲ್ಲ ಅಂದ್ರೆ, ಸಮಯ ನೋಡಿ ದೊಡ್ಡೋಳನ್ನ ಇಳಿಸಿದ್ಲು ಅಂತಾರೆ. ಮಗನಿಗೆ ಹೆತ್ತ ತಾಯಿ ಅದೊಂದರಲ್ಲೇ ಇರೋದು. ಅವಳನ್ನ ಇಳಿಸಿ ನಾನು ಏರಬೇಕಾ? ನಂಗೆ ಅದು ಬೇಕಾಗಿರಲಿಲ್ಲ ರೀ. ನಾನೂ ಇದೀನಿ ಅಂತ ಯಾರಾದ್ರೂ ನೆನೀಬೇಕಾಗಿತ್ತು."

ಪಟ ಏರಿತು. ಷಷ್ಟಿಪೂರ್ತಿಯ ಬೆಳಿಗ್ಗೆ ವಾರಿಜಾಕ್ಷಿಯೇ ಮೂಲೆಗೆ ಮಲ್ಲಿಗೆ ಸಿಕ್ಕಿಸಿ, ಕೈ ಮುಗಿದು, ಹಸೆಮಣೆಯ ಮೇಲೆ ಬಂದು ಕೂತಳು. ಹೋಮದ ಹೊಗೆಗೆ ಎಲ್ಲರ ಕಣ್ಣೂ ಉರಿಯುತ್ತಿತ್ತು. ತಾಳಿ ಕಟ್ಟುವಾಗ ರಾಮಪ್ರಸಾದರ ಕೈಯಲ್ಲಿ ಗಂಟು ಜಾರಿ ಜಾರಿ ಹೋಯಿತು. ಪುರೋಹಿತರು, "ವರ್ಕ್‌ಶಾಪ್ ಮೇಷ್ಟ್ರಿಗೆ ಗಂಟು ಬರಲ್ವಾ?" ಎಂದು ಕಾಲೆಳೆದರು. ಹಾಲ್ ತುಂಬ ನಗು ಎದ್ದಿತು. ನಗು ಇಳಿಯುವ ಮುಂಚೆ ರಾಮಪ್ರಸಾದ್ ಫೋಟೋಗ್ರಾಫರನ ಕಡೆ ತಿರುಗಿ, ನೆಂಟರೆಲ್ಲ ಕೇಳುವ ಹಾಗೆ ಅಂದರು: "ತಂಬಿ, ಮೊದಲು ನಮ್ಮಿಬ್ಬರದ್ದು ಮಾತ್ರ ಒಂದು ತೆಗಿ. ದೊಡ್ಡದು ಮಾಡಿಸಬೇಕು. ನಮ್ಮ ಕಲ್ಯಾಣದಲ್ಲಿ ತೆಗೆಸೋಕ್ಕೆ ಮರೆತುಬಿಟ್ಟಿದ್ದೆ."

ವಾರಿಜಾಕ್ಷಿ ತಲೆ ತಗ್ಗಿಸಿದಳು. ಫೋಟೋಗ್ರಾಫರ್ "ಅಮ್ಮಾ, ಮೇಲೆ ನೋಡಿ" ಅಂತ ಎರಡು ಸಲ ಹೇಳಬೇಕಾಯಿತು.

ಫ್ರೇಮು ಮಾರಿಮುತ್ತುವಿನ ಅಂಗಡಿಯಲ್ಲೇ ಆಯಿತು. ಈ ಸಲ ಸುಶೀಂದ್ರ ಅಂಗಡಿಯಲ್ಲೇ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ, ವೈರು ಇಲ್ಲವೆಂದು ಖಾತ್ರಿ ಮಾಡಿಕೊಂಡು ತಂದ. ಕೊರಳಲ್ಲಿ ಹಾರ ಹಾಕಿಕೊಂಡ ನರೆಗೂದಲಿನ ಗಂಡು, ಪಕ್ಕದಲ್ಲಿ ಬಿಗಿಯಾಗಿ ಕೂತ ಹೆಣ್ಣು. ಹೆಣ್ಣಿನ ಮೂಗಿನ ತುದಿ ಹೊಗೆಗೆ ಕೆಂಪಾಗಿತ್ತು.

ರಾಮಪ್ರಸಾದ್ ಸ್ಟೂಲು ತಂದರು. ಆಣಿ ಬಾಯಲ್ಲಿ ಕಚ್ಚಿಕೊಂಡರು. ಟ್ವೈನು ಎಳೆಯಲು ಹೋದವರು ನಿಂತು, ಆಣಿ ಬಾಯಿಂದ ತೆಗೆದು, ಹೆಂಡತಿಯನ್ನು ಕೇಳಿದರು: "ಎಲ್ಲಿ ಬೇಕು ನಿಂಗೆ?"

ಗೋಡೆಯ ವಿಚಾರದಲ್ಲಿ ಅವರು ಈ ಮನೆಯಲ್ಲಿ ಯಾರನ್ನೂ ಕೇಳಿದವರಲ್ಲ. ವಾರಿಜಾಕ್ಷಿ ನಡುಗೋಡೆ ನೋಡಿದಳು, ಬಾಗಿಲ ಪಕ್ಕ ನೋಡಿದಳು, ಅಡುಗೆಮನೆ ಕಡೆ ನೋಡಿದಳು.

"ಮಂದಾಕಿನಿ ಪಕ್ಕದಲ್ಲಿ, ಸಮಕ್ಕೆ ಹೊಡೀಲಾ?"

"ಗೊತ್ತಿಲ್ಲ ರೀ."

"ಗೊತ್ತಿಲ್ಲ ಅಂದ್ರೆ? ಇಷ್ಟು ವರ್ಷ ಬೇಕು ಅಂತ..."

"ಬೇಕು ಅಂತಿತ್ತು. ಎಲ್ಲಿ ಅಂತ ಯೋಚನೆ ಮಾಡೇ ಇಲ್ಲ." ಅವಳು ಸೆರಗಿನಿಂದ ಪಟದ ಅಂಚು ಒರೆಸಿದಳು. "ಯಾರಾದ್ರೂ ಕೇಳ್ತಾರೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ."

ರಾಮಪ್ರಸಾದ್ ಸ್ಟೂಲಿನಿಂದ ಇಳಿದರು. ಆಣಿಯನ್ನು ಅಂಗಿ ಜೇಬಿಗೆ ಹಾಕಿಕೊಂಡರು. "ಸರಿ. ಯೋಚನೆ ಮಾಡಿ ಹೇಳು" ಅಂದರು.

ಅವಳು ಯೋಚನೆ ಮಾಡಿದಳು. ಅದೇನು ಸಾಮಾನ್ಯ ಯೋಚನೆಯೇ? ಬಾಗಿಲಿನ ಎದುರು ಇದ್ದರೆ ಬಂದವರಿಗೆಲ್ಲ ಮೊದಲು ಕಾಣುತ್ತದೆ, ಸರಿ, ಆದರೆ ಸಂಜೆ ಬಿಸಿಲು ನೇರ ಬಿದ್ದು ಬಣ್ಣ ಮಾಸಿದರೆ? ಊಟದ ಜಾಗದಲ್ಲಿ ಒಗ್ಗರಣೆಯ ಜಿಡ್ಡು. ಗೋಪಿಕಾಳ ಕೈಯಲ್ಲಿ ಪಟ ಹಿಡಿಸಿ, ತಾನು ಹಾಲ್‌ನ ಆ ತುದಿಗೆ ಹೋಗಿ ನಿಂತು, "ಇನ್ನೂ ಮೇಲೆ, ಅಲ್ಲ, ಕೊಂಜ ಈ ಕಡೆ" ಅನ್ನುವಳು. "ಅತ್ತೆ, ಕೈ ಬಿದ್ದುಹೋಗುತ್ತೆ" ಎಂದು ಸೊಸೆ ಕೂಗುವಳು. ಆಮೇಲೆ ಪಟ ಮತ್ತೆ ಸೋಫಾದ ಮೇಲೆ ಬಂದು ಕೂರುವುದು. ಸೋಫಾದಲ್ಲಿ ಕೂರಬೇಕಾದವರು ಪಟಕ್ಕೆ ಜಾಗ ಬಿಟ್ಟು ಅಂಚಿನಲ್ಲಿ ಕೂರುವರು.

ತೈ ಕಳೆದು ಮಾಸಿ ತಿಂಗಳು ಬಂತು. ಒಂದು ಸಂಜೆ ಪಕ್ಕದ ಮನೆಯ ಚಂದ್ರಾ ಮೊಸರಿಗೆ ಹೆಪ್ಪು ಕೇಳಲು ಬಂದವಳು, ಸೋಫಾದಲ್ಲಿ ರಾಮಪ್ರಸಾದರ ಪಕ್ಕಕ್ಕೆ ಒರಗಿ ಕೂತಿದ್ದ ಪಟ ನೋಡಿ ಬೆರಗಾದಳು. "ಏನ್ ಸಾರ್, ನಿಮ್ಮ ಮನೇಲಿ ಪಟ ಇನ್ನೂ ಕೆಳಗೇ ಇದೆಯಾ? ಆಣಿ ಸಿಗಲಿಲ್ವಾ?"

ರಾಮಪ್ರಸಾದ್ ಪೇಪರಿನಿಂದ ತಲೆಯೆತ್ತಿದರು. "ಆಣಿ ಇದೆ. ಅವಳು ಇನ್ನೂ ಜಾಗ ಹೇಳಿಲ್ಲ."

ಒಳಗೆ ಒಗ್ಗರಣೆಯ ಸದ್ದು. ಅದರ ಮೇಲೆ ವಾರಿಜಾಕ್ಷಿಯ ದನಿ ಕೇಳಿಸಿತು: "ಏನವಸರ? ನೋಡಿ ಹೇಳ್ತೀನಿ."